ಯಾದವಗಿರಿಯ ಗಾಡಿ, ಹಳ್ಳಿದಾರಿಯ ಸದ್ದು

ಗಾಡಿ ಕಣ್ಣಿಗೆ ಬೀಳುವ ಮೊದಲೇ ಸದ್ದು ಕೇಳಿ ಅದರ ಹೆಸರು ಹೇಳುತ್ತಿದ್ದ ಕಾಲವೊಂದಿತ್ತು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಕಡೆಯ ಹಿರಿಯರನ್ನು ಕೇಳಿದರೆ ಆ ಸದ್ದು ಈಗಲೂ ಅವರ ಕಿವಿಯಲ್ಲಿದೆ. ಅದು ಜಾವಾ. ಮುಂದೆ ಅದೇ ಯೆಜ್ಡಿಯಾಯಿತು.

ಈ ಗಾಡಿ ತಯಾರಾಗುತ್ತಿದ್ದುದು ದೂರದ ಊರಿನಲ್ಲೇನಲ್ಲ, ಮೈಸೂರಿನ ಯಾದವಗಿರಿಯಲ್ಲಿ. ವಿದೇಶಿ ಮೋಟಾರ್ ಸೈಕಲ್‌ಗಳ ಆಮದಿಗೆ ಸರ್ಕಾರ ಕಡಿವಾಣ ಹಾಕಿದ್ದರಿಂದ ಅವನ್ನು ಇಲ್ಲಿಯೇ ತಯಾರಿಸುವುದು ಅನಿವಾರ್ಯವಾಗಿತ್ತು. 1960ರಲ್ಲಿ ಇರಾನಿ ಕುಟುಂಬ ಐಡಿಯಲ್ ಜಾವಾ ಕಂಪೆನಿಯನ್ನು ಆರಂಭಿಸಿತು. ತಂತ್ರಜ್ಞಾನ ಬಂದದ್ದು ಅಂದಿನ ಜೆಕೊಸ್ಲೊವಾಕಿಯಾದಿಂದ. ಅಲ್ಲಿನ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪೆನಿಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡಿದ್ದ. ಎರಡೂ ಹೆಸರುಗಳ ಮೊದಲಕ್ಷರಗಳು ಕೂಡಿ 'ಜಾವಾ' ಆಯಿತು. 1973ರಿಂದ ಮೈಸೂರಿನ ಗಾಡಿಗೆ ಯೆಜ್ಡಿ ಎಂಬ ಸ್ವಂತ ಹೆಸರು ಬಂತು. ಇರಾನಿನ ಯಜ್ದ್ ನಗರದ ನೆನಪು ಆ ಹೆಸರಿನಲ್ಲಿದೆ.

ಹಳ್ಳಿಗರಿಗೆ ಈ ಗಾಡಿ ಹಿಡಿಸಿದ್ದೇಕೆ? ಅದರದು 250 ಸಿ.ಸಿ.ಯ ಎರಡು ಸ್ಟ್ರೋಕ್ ಎಂಜಿನ್. ಕವಾಟಗಳ ಗೊಡವೆಯಿಲ್ಲ, ಬಿಡಿಭಾಗಗಳು ಕಡಿಮೆ. ಹೀಗಾಗಿ ಸಣ್ಣ ಊರಿನ ಮೆಕ್ಯಾನಿಕ್ ಕೂಡ ಅದನ್ನು ಬಿಚ್ಚಿ ಜೋಡಿಸಬಲ್ಲವನಾಗಿದ್ದ. ಕಿಕ್ ಹೊಡೆಯಲೂ ಗೇರ್ ಹಾಕಲೂ ಒಂದೇ ಲಿವರ್. ಸಿಲಿಂಡರ್ ಒಂದೇ ಆದರೂ ಸೈಲೆನ್ಸರ್ ಎರಡು, ಆ ವಿಶಿಷ್ಟ ಸದ್ದಿಗೆ ಅದೂ ಒಂದು ಕಾರಣ. ಪೆಟ್ರೋಲಿಗೆ ಆಯಿಲ್ ಬೆರೆಸುವುದೊಂದೇ ರಗಳೆ. ಹಾಲಿನ ಕ್ಯಾನು, ಗೊಬ್ಬರದ ಮೂಟೆ, ಹಿಂದೆ ಮನೆಯವರು, ಮುಂದೆ ಟ್ಯಾಂಕಿನ ಮೇಲೊಂದು ಮಗು, ಇಷ್ಟನ್ನೂ ಹೊತ್ತು ಮಣ್ಣುದಾರಿಯಲ್ಲಿ ಅದು ಸಾಗುತ್ತಿತ್ತು.

ಕಾಲ ಮಾತ್ರ ನಿಲ್ಲಲಿಲ್ಲ. ಎಂಬತ್ತರ ದಶಕದಲ್ಲಿ ಸರ್ಕಾರ ಜಪಾನಿ ಕಂಪೆನಿಗಳ ಸಹಯೋಗಕ್ಕೆ ಬಾಗಿಲು ತೆರೆಯಿತು. 1985ರಲ್ಲಿ ಬಂದ ಹೀರೊ ಹೋಂಡಾದ 100 ಸಿ.ಸಿ. ಗಾಡಿ ಲೀಟರಿಗೆ 80 ಕಿ.ಮೀ. ಓಡುತ್ತದೆಂದು ಸಾರಿತು. ಯೆಜ್ಡಿ ಅದರ ಅರ್ಧವನ್ನೂ ಕೊಡುತ್ತಿರಲಿಲ್ಲ. ಪೆಟ್ರೋಲ್ ದರ ಏರಿದಂತೆ ಗಿರಾಕಿಗಳು ಶಕ್ತಿಗಿಂತ ಮೈಲೇಜ್ ನೋಡತೊಡಗಿದರು. ಹೊಗೆ ನಿಯಮಗಳೂ ಬಿಗಿಯಾಗುತ್ತ ಬಂದವು. ರೋಡ್‌ಕಿಂಗ್, ಮೊನಾರ್ಕ್‌ನಂತಹ ಮಾದರಿಗಳು ಬಂದರೂ ಎಂಜಿನ್ನಿನ ಮೂಲ ಸ್ವರೂಪ ಹಳೆಯದೇ ಆಗಿತ್ತು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಅಮೆರಿಕದಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನೂರಾರು ಸಣ್ಣ ಕಾರು ಕಂಪೆನಿಗಳಿದ್ದವು. 1913ರಲ್ಲಿ ಫೋರ್ಡ್ ಚಲಿಸುವ ಜೋಡಣಾ ಸಾಲನ್ನು ತಂದು ಕಾರಿನ ಬೆಲೆ ಇಳಿಸಿದ ಮೇಲೆ ಅವುಗಳಲ್ಲಿ ಹೆಚ್ಚಿನವು ಅಳಿದವು. ಗಾಡಿ ಕೆಟ್ಟದಾಗಿದ್ದರೆ ಮಾತ್ರ ಕಂಪೆನಿ ಮುಳುಗುತ್ತದೆ ಎಂದೇನಿಲ್ಲ. ಲೆಕ್ಕಾಚಾರ ಬದಲಾದಾಗ ಬದಲಾಗದಿದ್ದರೂ ಸಾಕು.

ಮೈಸೂರಿನ ಕಥೆ ಅಲ್ಲಿಗೇ ಮುಗಿಯಲಿಲ್ಲ. ಯಂತ್ರಗಳು ನಿಂತ ಮೇಲೂ ಹೆಸರಿಗೆ ಬೆಲೆ ಉಳಿದಿತ್ತು. ಯೆಜ್ಡಿ ಎಂಬ ಹೆಸರು ಯಾರಿಗೆ ಸೇರಬೇಕೆಂಬ ವ್ಯಾಜ್ಯ ಹೈಕೋರ್ಟಿನ ಮೆಟ್ಟಿಲೇರಿತು. ಮಹೀಂದ್ರ ಬೆಂಬಲದ ಕ್ಲಾಸಿಕ್ ಲೆಜೆಂಡ್ಸ್ ಕಂಪೆನಿ 2018ರಲ್ಲಿ ಜಾವಾವನ್ನೂ 2022ರಲ್ಲಿ ಯೆಜ್ಡಿಯನ್ನೂ ಮತ್ತೆ ರಸ್ತೆಗಿಳಿಸಿತು. ಆದರೆ ಅವು ತಯಾರಾದದ್ದು ಮಧ್ಯಪ್ರದೇಶದ ಪೀತಂಪುರದಲ್ಲಿ. ಹೆಸರೇನೋ ಮರಳಿತು, ಯಾದವಗಿರಿಗೆ ಕೆಲಸ ಮರಳಲಿಲ್ಲ.

ಹಳೆಯ ಯೆಜ್ಡಿಗಳು ಮಾತ್ರ ಇನ್ನೂ ಅಲ್ಲಲ್ಲಿ ಉಳಿದಿವೆ. ಅವನ್ನು ರಿಪೇರಿ ಮಾಡಬಲ್ಲ ಕೈಗಳು ಇರುವವರೆಗೆ ಆ ಸದ್ದೂ ಉಳಿದೀತು.