ಕಪಿಲೆಯ ದಡದಲ್ಲಿ ಊರು ತೋರಿಸುವ ವಿದ್ಯೆ

ನಂಜನಗೂಡಿಗೆ ವರ್ಷಂಪ್ರತಿ ಬಂದುಹೋಗತಕ್ಕ ಲಕ್ಷಾಂತರ ಜನರಲ್ಲಿ ಬಹುಪಾಲಿನವರು ನಂಜನಗೂಡನ್ನು ನೋಡಿಯೇ ಇಲ್ಲವೆಂದರೆ ಅತಿಶಯೋಕ್ತಿಯೆನಿಸದು. ಮೈಸೂರಿನಿಂದ ದಕ್ಷಿಣಕ್ಕೆ ಹೊರಟ ಬಸ್ಸೋ ರೈಲೋ ಅವರನ್ನು ಬೆಳಗಿನ ಹೊತ್ತಿಗೆ ಇಳಿಸುತ್ತದೆ. ಕಪಿಲೆಯಲ್ಲಿ ಮಿಂದು, ಹರಕೆಯುಳ್ಳವರು ಮುಡಿ ಕೊಟ್ಟು, ಒದ್ದೆಬಟ್ಟೆಯಲ್ಲಿಯೇ ಉರುಳುಸೇವೆ ಮಾಡಿ, ಶ್ರೀಕಂಠೇಶ್ವರನ ದರ್ಶನವನ್ನು ಪಡೆದು, ದಾಸೋಹದಲ್ಲಿ ಉಂಡು, ಬಿಸಿಲೇರುವ ಮುನ್ನ ಮರಳುತ್ತಾರೆ. ಭಕ್ತಿಗೆ ಇಷ್ಟು ಸಾಕು. ಅದರಲ್ಲಿ ಕೊರತೆಯನ್ನು ಹುಡುಕುವುದು ನನ್ನ ಉದ್ದೇಶವಲ್ಲ. ಆದರೆ ದೇವಾಲಯದ ಸುತ್ತ ಬೀದಿಗಳೂ, ಬೀದಿಗಳ ಪಕ್ಕದಲ್ಲಿ ಒಂದು ನದಿಯೂ, ನದಿಯ ಮೇಲೆ ಒಂದು ಹಳೆಯ ಸೇತುವೆಯೂ, ಇವೆಲ್ಲದರ ಹಿಂದೆ ಶತಮಾನಗಳ ಜನಜೀವನವೂ ಇರುವುದನ್ನು ಅರಿಯಲು ಊರನ್ನು ಬಲ್ಲವರೊಬ್ಬರ ಹಿಂದೆ ನಿಧಾನವಾಗಿ ನಡೆಯಬೇಕು. ಹಾಗೆ ನಡೆಯಿಸುವುದೂ ಒಂದು ವಿದ್ಯೆ.

ಈ ವಿದ್ಯೆ ನಮಗೆ ಹೊಸದಲ್ಲ. ಕಾಶಿ, ಗಯೆಗಳಲ್ಲಿ ಪಂಡರು ಯಾತ್ರಿಕನ ತಾತ ಮುತ್ತಾತಂದಿರ ಹೆಸರುಗಳುಳ್ಳ ವಹಿಗಳನ್ನು ಬಿಚ್ಚಿ ಅವನನ್ನು ತಮ್ಮವನೆಂದು ಬರಮಾಡಿಕೊಳ್ಳುವಂತೆ, ನಮ್ಮ ಸೀಮೆಯ ಕ್ಷೇತ್ರಗಳಲ್ಲಿಯೂ ಪುರೋಹಿತರ ಮನೆಗಳೇ ಛತ್ರವೂ, ಭೋಜನಶಾಲೆಯೂ, ಮಾಹಿತಿಕೇಂದ್ರವೂ ಆಗಿದ್ದವು. ಹಾಗೆ ಬಂದವನಿಗೆ ಸ್ನಾನಘಟ್ಟ ಯಾವುದು, ಮೊದಲು ಯಾವ ದೇವರಿಗೆ ಕೈಮುಗಿಯಬೇಕು, ಈ ಕಂಬದಲ್ಲಿರುವ ಮೂರ್ತಿ ಯಾರದು ಎಂಬುದನ್ನೆಲ್ಲ ಹೇಳುತ್ತಿದ್ದವರು ಅವರೇ. ಇಂದು ಮೈಸೂರು ನಗರದಲ್ಲಿ ಪಾರಂಪರಿಕ ನಡಿಗೆಗಳೆಂಬ ಹೆಸರಿನಲ್ಲಿ ಇದು ವ್ಯವಸ್ಥಿತವಾದ ಉದ್ಯೋಗವೇ ಆಗಿದೆ. ಕಪಿಲೆಯ ದಡದ ನಂಜನಗೂಡು, ತಿರುಮಕೂಡಲು ನರಸೀಪುರ ಎಂಬ ಎರಡು ಊರುಗಳಲ್ಲಾದರೋ ಅದು ಇನ್ನೂ ವ್ಯಕ್ತಿಗಳನ್ನು ಆಶ್ರಯಿಸಿ ನಿಂತಿರುವ ಕಲೆ.

ನನಗೆ ದೊರೆತವರು ನಿವೃತ್ತರಾದ ಪ್ರೌಢಶಾಲೆಯ ಮೇಷ್ಟ್ರು. ಬಗಲಲ್ಲಿ ಒಂದು ಬಟ್ಟೆಯ ಚೀಲ. ಅದರೊಳಗೆ ನೀರಿನ ಬಾಟಲಿಯ ಪಕ್ಕದಲ್ಲಿ, 1894ರಲ್ಲಿ ಬಿ.ಎಲ್. ರೈಸ್ ಅವರು ಪ್ರಕಟಿಸಿದ ಮೈಸೂರು ಜಿಲ್ಲೆಯ ಶಾಸನಸಂಪುಟದಿಂದ ಪ್ರತಿ ಮಾಡಿಸಿಕೊಂಡ ಹಾಳೆಗಳ ಕಟ್ಟು. ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ, ಈ ಎರಡು ತಾಲ್ಲೂಕುಗಳ ಶಾಸನಗಳೂ ಆ ಒಂದೇ ಸಂಪುಟದಲ್ಲಿವೆ. ಅವರ ಮಾತಿನಲ್ಲಿ ನಾನು ಮೊದಲು ಗಮನಿಸಿದ ಗುಣವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಪುರಾಣದ ಸಂಗತಿಯಾದರೆ "ಹೇಳ್ತಾರೆ ಸ್ವಾಮಿ" ಎನ್ನುವರು. ಕಲ್ಲಿನ ಮೇಲಿನ ಸಂಗತಿಯಾದರೆ "ಬರೆದಿದೆ" ಎನ್ನುವರು. ತಾವು ಬಲ್ಲ ಸಂಗತಿಯಾದರೆ "ನಾನು ಕಂಡಿದೀನಿ" ಎನ್ನುವರು. ಮೂರನ್ನೂ ಒಂದೇ ಗೌರವದಿಂದ ಹೇಳುವರು, ಒಂದರೊಡನೆ ಇನ್ನೊಂದನ್ನು ಬೆರಸರು. ಎರಡನೆಯ ಶತಮಾನದಲ್ಲಿ ಗ್ರೀಸ್ ದೇಶವನ್ನೆಲ್ಲ ಸುತ್ತಿ ಬರೆದ ಪೌಸಾನಿಯಸನು, ಆರ್ಗೋಸ್ ಪಟ್ಟಣದ ಮಾರ್ಗದರ್ಶಕರು ತಾವು ಹೇಳುವುದೆಲ್ಲ ಸತ್ಯವಲ್ಲವೆಂದು ಬಲ್ಲವರಾದರೂ ಹೇಳುವುದನ್ನು ಮಾತ್ರ ಬಿಡರೆಂದು ದಾಖಲಿಸಿದ್ದಾನೆ. ಅಷ್ಟು ಪುರಾತನವಾದ ದೋಷವೊಂದು ನಮ್ಮ ಮೇಷ್ಟರನ್ನು ಸೋಕದಿರುವುದು ನನಗೆ ದೊಡ್ಡ ಸಂಗತಿಯಾಗಿ ತೋರಿತು.

ದೇವಸ್ಥಾನದ ಮಹಾದ್ವಾರದಲ್ಲಿ ನಮ್ಮ ನಡಿಗೆ ಮೊದಲಾಗುವುದೆಂದು ನಾನು ಎಣಿಸಿದ್ದೆ. ಅವರು ನನ್ನನ್ನು ಊರ ಹೊರಗಿನ ಹಳೆಯ ಸೇತುವೆಯ ಬಳಿಗೆ ಕರೆದೊಯ್ದು, "ಇಲ್ಲಿಂದ ನೋಡಿ ಸ್ವಾಮಿ, ಊರು ಹೊಳೆಗೆ ಮುಖ ಮಾಡಿ ಕೂತಿದೆ. ಹೊಳೆ ಗೊತ್ತಾಗ್ದೆ ದೇವಸ್ಥಾನ ಗೊತ್ತಾಗೋದಿಲ್ಲ" ಎಂದರು. ಸುಮಾರು 1735ರಲ್ಲಿ, ಮೈಸೂರಿನ ದಳವಾಯಿಯಾಗಿದ್ದ ದೇವರಾಜಯ್ಯನು ಕಟ್ಟಿಸಿದ ಸೇತುವೆ ಇದು. ರೈಲೆಂಬುದನ್ನು ಜಗತ್ತಿನಲ್ಲಿ ಯಾರೂ ಕಾಣದ ಕಾಲದಲ್ಲಿ ಎತ್ತಿನ ಗಾಡಿಗಳಿಗಾಗಿ, ಸೈನ್ಯಕ್ಕಾಗಿ, ಯಾತ್ರಿಕರಿಗಾಗಿ ಕಟ್ಟಿದ ಈ ಕಲ್ಲುಕಮಾನುಗಳ ಮೇಲೆ, 1891ರಲ್ಲಿ ಮೈಸೂರಿನಿಂದ ನಂಜನಗೂಡಿಗೆ ರೈಲುಮಾರ್ಗ ತೆರೆದಾಗ ಹಳಿಗಳನ್ನು ಹಾಸಿದರು. ಮುಂದೆ ನೂರು ವರ್ಷಕ್ಕೂ ಹೆಚ್ಚು ಕಾಲ ಉಗಿಬಂಡಿಯ ಭಾರವನ್ನು ಅವು ಅಲುಗದೆ ಹೊತ್ತವು. ಈಗ ರೈಲು ಪಕ್ಕದ ಹೊಸ ಸೇತುವೆಯ ಮೇಲೆ ಹೋಗುತ್ತದೆ. ದಳವಾಯಿಗಳ ಮನೆತನದ ಮೂಲಗ್ರಾಮವಾದ ಕಳಲೆಯು ಇದೇ ತಾಲ್ಲೂಕಿನಲ್ಲಿದೆಯೆಂಬುದನ್ನು ತಿಳಿದಮೇಲೆ, ಈ ಸೇತುವೆಯು ಕೇವಲ ರಾಜಕಾರ್ಯವಾಗಿರದೆ, ತಮ್ಮ ಊರಿನ ಹೊಳೆಯನ್ನು ದಾಟಲಾರದೆ ನಿಂತವರ ಕಷ್ಟವನ್ನು ಕಣ್ಣಾರೆ ಕಂಡವರ ಕೆಲಸವೂ ಆಗಿದ್ದಿರಬೇಕೆಂದು ನನಗನ್ನಿಸಿತು.

ಹೊಳೆಯ ವಿಷಯದಲ್ಲಿ ಮೇಷ್ಟ್ರು ಕೊಂಚವೂ ಅವಸರಪಡಲಿಲ್ಲ. ಸ್ನಾನಘಟ್ಟದ ಸೋಪಾನಗಳನ್ನು ಇಳಿದು, ನೀರಿನ ಅಂಚಿನಲ್ಲಿರುವ ಹದಿನಾರು ಕಾಲಿನ ಮಂಟಪದ ಎದುರಿಗೆ ನಿಲ್ಲಿಸಿದರು. ಕಂಬಗಳ ಬುಡದಲ್ಲಿ ಒಣಗಿದ ರೇವೆಯ ಪಟ್ಟೆ. ಸ್ವಲ್ಪ ಮೇಲೆ ಇನ್ನೊಂದು, ಮಾಸಲು. ಬೋದಿಗೆಯ ಸಂದಿನಲ್ಲಿ ಯಾವುದೋ ಪ್ರವಾಹ ತಂದು ಸಿಕ್ಕಿಸಿದ ಒಣಹುಲ್ಲು. ಕಪಿಲೆ ಹುಟ್ಟುವುದು ವಯನಾಡಿನಲ್ಲಿ. ಬೀಚನಹಳ್ಳಿಯಲ್ಲಿ ಅದಕ್ಕೆ ಅಣೆಕಟ್ಟಾದುದು 1974ರಲ್ಲಿ. ವಯನಾಡಿನಲ್ಲಿ ಮಳೆ ಬಿರುಸಾಗಿ, ಜಲಾಶಯದಿಂದ ನೀರು ಬಿಟ್ಟರೆ, ಇಲ್ಲಿ ಒಂದು ಹನಿ ಬೀಳದಿದ್ದರೂ ಈ ಮಂಟಪವು ಮುಳುಗುತ್ತದೆ. ಮಂಟಪದ ನೆತ್ತಿಯವರೆಗೆ ನೀರೇರಿತೆಂದರೆ ಹಳ್ಳದಕೇರಿ, ತೋಪಿನಬೀದಿಗಳ ಮನೆಗಳಲ್ಲಿ ಪಾತ್ರೆಪಡಗಗಳನ್ನು ಅಟ್ಟಕ್ಕೇರಿಸಲು ತೊಡಗುತ್ತಾರೆ. 2018 ಮತ್ತು 2019ರ ನೆರೆಗಳ ಕಾಲದಲ್ಲಿ ಹೀಗಾದುದನ್ನು ಅವರು "ನಾನು ಕಂಡಿದೀನಿ" ಎಂಬ ತಮ್ಮ ಮೂರನೆಯ ಮಾತಿನಿಂದಲೇ ವಿವರಿಸಿದರು. ಯಾತ್ರಿಕರ ಕಣ್ಣಿಗೆ ಅಲಂಕಾರವಾಗಿ ಕಾಣುವ ಮಂಟಪವು ಊರವರ ಪಾಲಿಗೆ ಮಾಪಕವೆಂಬ ಈ ಅರಿವನ್ನು ಯಾವ ಫಲಕವೂ ನನಗೆ ಕೊಡುತ್ತಿರಲಿಲ್ಲ.

ಕಪಿಲೆಗೆ ಕೌಂಡಿನಿಯೆಂಬ ಗುಂಡ್ಲುಹೊಳೆ ಬಂದು ಸೇರುವಲ್ಲಿ ಪರಶುರಾಮ ಕ್ಷೇತ್ರವಿದೆ. ಮಾತೃಹತ್ಯೆಯ ಪಾಪವನ್ನು ಕಳೆದುಕೊಳ್ಳಲು ಇಲ್ಲಿಗೆ ಬಂದ ಪರಶುರಾಮನು ಪೊದೆಗಳನ್ನು ಸವರುತ್ತಿರುವಾಗ ಕೊಡಲಿಯು ಮರೆಯಲ್ಲಿದ್ದ ಲಿಂಗದ ಶಿರಸ್ಸಿಗೆ ತಗುಲಿ ರಕ್ತ ಸುರಿಯಿತಂತೆ. ಭೀತನಾದ ಅವನಿಗೆ ಶಿವನೇ, ಇಲ್ಲಿಯ ಮಣ್ಣನ್ನು ಗಾಯಕ್ಕೆ ಬಳಿಯೆಂದನಂತೆ. ಇಂದಿಗೂ ಈ ಕ್ಷೇತ್ರದ ಮೃತ್ತಿಕೆಯನ್ನು ಚರ್ಮರೋಗಗಳಿಗೆ ಔಷಧವೆಂದು ಭಕ್ತರು ಒಯ್ಯುತ್ತಾರೆ. ವಿಷವನ್ನು ಉಂಡ ದೇವನು, ಗಾಯಗೊಂಡ ದೇವನು, ವೈದ್ಯನೂ ಆದನು. ಟಿಪ್ಪು ಸುಲ್ತಾನನು ತನ್ನ ಪಟ್ಟದಾನೆಯ ಕಣ್ಣು ಇಲ್ಲಿಯ ಸೇವೆಯಿಂದ ಗುಣವಾಯಿತೆಂದು ದೇವರನ್ನು ಹಕೀಮ್ ನಂಜುಂಡನೆಂದು ಕರೆದು, ಪಚ್ಚೆಯ ಲಿಂಗವನ್ನು ಅರ್ಪಿಸಿದನೆಂಬ ಐತಿಹ್ಯವು ಸರ್ವವಿದಿತವಾದುದೇ. ಅದನ್ನು ಹೇಳುವಾಗಲೂ ಮೇಷ್ಟ್ರು "ಹೇಳ್ತಾರೆ" ಎಂದೇ ಹೇಳಿದರು. ಆದರೆ ಆ ಲಿಂಗದ ಎದುರಿಗೆ ಕಣ್ಣುಮುಚ್ಚಿ ನಿಂತುದು ಎಲ್ಲರಿಗಿಂತ ಹೆಚ್ಚು ಹೊತ್ತು.

ದೇವಾಲಯದ ಉದ್ದ 385 ಅಡಿ, ಅಗಲ 160 ಅಡಿ, ಕಂಬಗಳು 147. ಮುಮ್ಮಡಿ ಕೃಷ್ಣರಾಜ ಒಡೆಯರ ಪತ್ನಿ ದೇವಾಜಮ್ಮಣ್ಣಿಯವರು ಕಟ್ಟಿಸಿದ ಗೋಪುರದ ಎತ್ತರ ಸುಮಾರು 120 ಅಡಿ. ಈ ಅಂಕಿಗಳನ್ನು ಎಲ್ಲ ಕೈಪಿಡಿಗಳೂ ಹೇಳುತ್ತವೆ. ಕೈಪಿಡಿಗಳು ಹೇಳದಿರುವುದು, ಈ ಅಗಾಧತೆಯಲ್ಲಿ ಎಲ್ಲಿ ನಿಲ್ಲಬೇಕೆಂಬುದನ್ನು. ಮೇಷ್ಟ್ರು ನಿಲ್ಲಿಸಿದುದು ಗಣಪತಿಯ ಮೂರ್ತಿಗಳ ಸಾಲಿನಲ್ಲಿ. ಮುಮ್ಮಡಿಯವರ ಆಶ್ರಯದಲ್ಲಿ ಸಿದ್ಧವಾದ 'ಶ್ರೀತತ್ತ್ವನಿಧಿ'ಯಲ್ಲಿ ವರ್ಣಿತವಾದ ಗಣಪತಿಯ 32 ರೂಪಗಳೂ ಈ ದೇವಾಲಯದಲ್ಲಿ ಆಕಾರವನ್ನು ತಳೆದಿವೆ. ಬಾಲಗಣಪತಿ, ತರುಣಗಣಪತಿ, ಸಿಂಹವನ್ನೇರಿದ ಹೇರಂಬ, ಒಂದು ಕಾಲೆತ್ತಿ ಕುಣಿಯುವ ನೃತ್ತಗಣಪತಿ. ಒಂದೊಂದರ ಮುಂದೆಯೂ ಕೈಯಲ್ಲಿ ಏನಿದೆ, ಸೊಂಡಿಲು ಯಾವ ಕಡೆಗೆ ತಿರುಗಿದೆ ಎಂದು ನನ್ನನ್ನೇ ಕೇಳಿ, ನಾನು ನೋಡಿ ಹೇಳಿದ ಮೇಲೆ ಹೆಸರನ್ನು ಹೇಳುವರು. ಮೊದಲು ಹೆಸರು ಹೇಳಿಬಿಟ್ಟರೆ ಜನ ನೋಡುವುದನ್ನು ನಿಲ್ಲಿಸುತ್ತಾರೆಂಬುದು ತರಗತಿಯಲ್ಲಿ ಅವರು ಕಂಡುಕೊಂಡ ಸತ್ಯ. ಋಣಮೋಚನ ಗಣಪತಿಯ ಮುಂದೆ ಮಾತ್ರ ಈ ಪಾಠಕ್ರಮ ನಡೆಯಲಿಲ್ಲ. ನಾವು ಬರುವ ಮೊದಲೇ ಒಬ್ಬ ರೈತರು ಅಲ್ಲಿ ಕೈಮುಗಿದು ನಿಂತಿದ್ದರು, ಮೇಷ್ಟ್ರು ನನ್ನ ತೋಳನ್ನು ಹಿಡಿದು ಮೌನವಾಗಿ ಮುಂದಕ್ಕೆ ನಡೆಸಿದರು.

ರಥಬೀದಿಗೆ ಬಂದರೆ ಅಲ್ಲಿಯದು ಬೇರೆಯೇ ಲೋಕ. ಫಾಲ್ಗುಣ ಚೈತ್ರಗಳ ನಡುವಣ ದೊಡ್ಡ ಜಾತ್ರೆಯಲ್ಲಿ ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರರ ಐದು ತೇರುಗಳು ಇಲ್ಲಿ ಸಾಲಾಗಿ ಸಾಗುತ್ತವೆ. ಅವುಗಳಲ್ಲಿ ದೊಡ್ಡದಾದ ಶ್ರೀಕಂಠೇಶ್ವರನ ತೇರಿಗೆ ಗೌತಮರಥವೆಂದು ಹೆಸರು. 1913ರಲ್ಲಿ ಬಿ.ವಿ. ಪಂಡಿತರು ಸ್ಥಾಪಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿ ಈ ಊರಿನ ಹೆಸರನ್ನು ಕನ್ನಡನಾಡಿನ ಮನೆಮನೆಯ ಬಚ್ಚಲಿಗೂ ತಲುಪಿಸಿತು. ನಂಜನಗೂಡಿನ ರಸಬಾಳೆಹಣ್ಣಿನ ಕಥೆ ಅಷ್ಟು ಸುಖದ್ದಲ್ಲ: ಭೌಗೋಳಿಕ ಸೂಚಕದ ಮನ್ನಣೆ ದೊರೆತಿದ್ದರೂ ಪನಾಮ ಸೊರಗುರೋಗಕ್ಕೆ ತುತ್ತಾಗಿ ತೋಟಗಳು ಕುಗ್ಗಿವೆ, ಅಂಗಡಿಯಲ್ಲಿ ಆ ಹೆಸರಿನಿಂದ ಮಾರುವುದೆಲ್ಲ ರಸಬಾಳೆಯಲ್ಲ. ಆದರೆ ಈ ಬೀದಿಗಳಲ್ಲಿ ನಡೆಯುವಾಗ ನಾನು ಹೆಚ್ಚಾಗಿ ನೆನೆದುದು ನಂಜನಗೂಡು ತಿರುಮಲಾಂಬ ಅವರನ್ನು. 1887ರಲ್ಲಿ ಇಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ವಿಧವೆಯಾಗಿ, ಹೆಣ್ಣುಮಕ್ಕಳ ಓದಿಗೆ ಸಮಾಜದ ಸಮ್ಮತಿಯೇ ಇಲ್ಲದ ಕಾಲದಲ್ಲಿ ಕಾದಂಬರಿಗಳನ್ನು ಬರೆದು, 'ಸತೀ ಹಿತೈಷಿಣೀ' ಗ್ರಂಥಮಾಲೆಯನ್ನು ಹೊರಡಿಸಿ, 'ಕರ್ನಾಟಕ ನಂದಿನಿ' ಪತ್ರಿಕೆಯನ್ನು ನಡೆಸಿದ ಆ ಮಹಾಸಾಧ್ವಿಯ ನೆನಪನ್ನು ಸಾರುವ ಕುರುಹೊಂದನ್ನು ಈ ಊರಿಗೆ ಬಂದವರೆಲ್ಲರೂ ದೇವರಷ್ಟೇ ಅವಶ್ಯವಾಗಿ ನೋಡುವಂತಾಗಬೇಕೆಂದು ನನ್ನ ಹಂಬಲ. ಮೇಷ್ಟ್ರು ಆಕೆಯ ಹೆಸರನ್ನು ಹೇಳುವಾಗ "ನಮ್ಮ ತಿರುಮಲಾಂಬನವರು" ಎಂದರು.

ಊಟದ ತರುವಾಯ ಹೊಳೆಯ ಹರಿವನ್ನೇ ಅನುಸರಿಸಿ, ಸುತ್ತೂರಿನ ಸೀಮೆಯನ್ನು ಹಾದು, ತಿರುಮಕೂಡಲು ನರಸೀಪುರವನ್ನು ಸೇರಿದೆವು. ನಂಜನಗೂಡನ್ನು ನೋಡಿದವರು ಅದೇ ಪ್ರಯಾಣದಲ್ಲಿ ನರಸೀಪುರವನ್ನೂ ನೋಡಬೇಕೆಂಬುದು ಮೇಷ್ಟರ ಹಟ. ಕಾರಣವು ಅಗಸ್ತ್ಯೇಶ್ವರನ ಗುಡಿಯಲ್ಲಿ ತಿಳಿಯಿತು. ಕಾವೇರಿ, ಕಪಿಲೆ, ಕಣ್ಣಿಗೆ ಕಾಣದ ಸ್ಫಟಿಕಸರೋವರ ಈ ಮೂರರ ಸಂಗಮದಲ್ಲಿ ಲಿಂಗಪ್ರತಿಷ್ಠೆಯನ್ನು ಸಂಕಲ್ಪಿಸಿದ ಅಗಸ್ತ್ಯರು ಕಾಶಿಯಿಂದ ಲಿಂಗವನ್ನು ತರಲು ಹನುಮಂತನನ್ನು ಕಳುಹಿದರು. ಅವನು ಬರುವುದು ತಡವಾಗಿ ಮುಹೂರ್ತ ಮೀರುವಂತಾಗಲು ಮರಳಿನಲ್ಲಿಯೇ ಲಿಂಗವನ್ನು ಮಾಡಿದರು. ಮರಳಿ ಬಂದ ಹನುಮಂತನು ಕುಪಿತನಾಗಿ ಅದನ್ನು ಕೀಳಹೋದುದರಿಂದ ಲಿಂಗದ ನೆತ್ತಿಗೆ ಘಾಸಿಯಾಯಿತು. ಆ ಕುಳಿಯಲ್ಲಿ ಸದಾ ಒಸರುವ ನೀರೇ ಇಂದಿಗೂ ತೀರ್ಥ. ಮೇಲ್ದಡದ ಊರಿನಲ್ಲಿ ಕೊಡಲಿಯ ಗಾಯ, ಕೆಳದಡದ ಊರಿನಲ್ಲಿ ಕೈಯ ಗಾಯ. ಅಲ್ಲಿ ಗಾಯಕ್ಕೆ ಮಣ್ಣು ಮದ್ದಾಯಿತು, ಇಲ್ಲಿ ಗಾಯದಿಂದಲೇ ನೀರು ಮದ್ದಾಗಿ ಬಂದಿತು. ಒಂದೇ ಹೊಳೆಯ ಎರಡು ಊರುಗಳು ತಮ್ಮ ದೇವರನ್ನು ಹೀಗೆ ನೊಂದವನನ್ನಾಗಿ ಕಲ್ಪಿಸಿಕೊಂಡುದರಲ್ಲಿ, ಔಷಧವನ್ನು ಅರಸಿ ಹೊಳೆಯ ದಡಕ್ಕೆ ಬರುತ್ತಿದ್ದ ತಲೆತಲಾಂತರದ ರೋಗಿಗಳ ಮನಸ್ಸು ಕೆಲಸ ಮಾಡಿದೆಯೆಂದು ನಾನು ದೃಢವಾಗಿ ನಂಬುತ್ತೇನೆ. ಎರಡು ಊರುಗಳನ್ನು ಬೇರೆ ಬೇರೆಯಾಗಿ ನೋಡಿದವನಿಗೆ ಇದು ಹೊಳೆಯುವುದು ಕಷ್ಟ.

ಎದುರುದಡದ ಗುಂಜಾ ನರಸಿಂಹನ ಬೆರಳುಗಳ ನಡುವೆ ಒಂದು ಗುಲಗಂಜಿಯಿದೆ. ಈ ಕ್ಷೇತ್ರವು ಕಾಶಿಗಿಂತ ಒಂದು ಗುಲಗಂಜಿಯ ತೂಕ ಹೆಚ್ಚೆಂಬುದು ಸ್ಥಳೀಯರ ಅಭಿಮಾನ. 1989ರಿಂದೀಚೆಗೆ ಮೂರು ವರ್ಷಗಳಿಗೊಮ್ಮೆ ಕುಂಭಮೇಳವೂ ಇಲ್ಲಿ ನಡೆಯುವ ಪದ್ಧತಿಯಾಗಿದೆ. ಆದರೆ ಈ ಸಂಗಮಕ್ಕೆ ಮನುಷ್ಯನು ಬಂದುದು ಅಗಸ್ತ್ಯರ ಕಥೆ ಹುಟ್ಟುವುದಕ್ಕಿಂತ ಬಹಳ ಹಿಂದೆ. ಮೈಸೂರು ವಿಶ್ವವಿದ್ಯಾನಿಲಯದ ಎಂ. ಶೇಷಾದ್ರಿಯವರು ಇಲ್ಲಿ ಉತ್ಖನನ ನಡೆಸಿ 1971ರಲ್ಲಿ ವರದಿಯನ್ನು ಪ್ರಕಟಿಸಿದರು. ನವಶಿಲಾಯುಗದ ನೆಲೆಯೊಂದು ಹೊರಬಂದಿತು, ಅದರಲ್ಲಿ ತಲೆಯನ್ನಿಟ್ಟು ಮಲಗಲು ಸುಟ್ಟ ಮಣ್ಣಿನಿಂದ ಮಾಡಿದ ದಿಂಬುಗಳೂ ದೊರೆತವು. ಹೊಳೆಯ ಗಾಳಿಗೆ ಮೈಯೊಡ್ಡಿ ಒಬ್ಬನು ಮಣ್ಣಿನ ದಿಂಬಿನ ಮೇಲೆ ತಲೆಯಿಟ್ಟು ಮಲಗಿದ್ದನೆಂಬ ಸಂಗತಿಯು ಯಾವ ಸ್ಥಳಪುರಾಣಕ್ಕೂ ಕಡಮೆಯದೆನಿಸಲಿಲ್ಲ. ಏಳು ತಂತಿಗಳ ಪಿಟೀಲಿನಿಂದ ದಕ್ಷಿಣದೇಶವನ್ನೆಲ್ಲ ತಣಿಸಿದ ಟಿ. ಚೌಡಯ್ಯನವರು 1895ರಲ್ಲಿ ಜನಿಸಿದುದೂ ಇದೇ ತಿರುಮಕೂಡಲಿನಲ್ಲಿ. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಭವನವನ್ನು ಕಂಡು ಬೆರಗಾಗುವವರಲ್ಲಿ ಎಷ್ಟು ಮಂದಿ ಅವರ ಹುಟ್ಟೂರಿನ ಈ ಬೀದಿಗಳಲ್ಲಿ ನಡೆದಿದ್ದಾರೆ?

ಇಂತಹ ನಡಿಗೆಯನ್ನು ಬಯಸುವವರು ಜಾತ್ರೆ, ಸೋಮವಾರ, ಹುಣ್ಣಿಮೆಗಳನ್ನು ಬಿಟ್ಟು ಬರುವುದು ಒಳ್ಳೆಯದು. ಆ ದಿನಗಳಲ್ಲಿ ದೇವರು ಸಿಕ್ಕಾನು, ಬೀದಿ ಸಿಕ್ಕದು. ನಾಲ್ಕು ಜನಕ್ಕಿಂತ ಹೆಚ್ಚು ಬೇಡ, ಹೆಚ್ಚಾದರೆ ಅದು ಉಪನ್ಯಾಸವಾಗುತ್ತದೆ. ಊರ ವಾಚನಾಲಯದಲ್ಲಿಯೋ, ಹಳೆಯ ಪುರೋಹಿತರ ಮನೆಯಲ್ಲಿಯೋ, ಶಾಲೆಯ ಕಛೇರಿಯಲ್ಲಿಯೋ ವಿಚಾರಿಸಿದರೆ ಬಲ್ಲವರ ಹೆಸರನ್ನು ಹೇಳುತ್ತಾರೆ. ಅವರಿಗೆ ಕೊಡುವ ಸಂಭಾವನೆಯನ್ನು ಮೊದಲೇ, ಸಂಕೋಚವಿಲ್ಲದೆ, ಮಾತನಾಡಿಕೊಳ್ಳಿರಿ. ಕೇಳಲು ಅವರು ನಾಚುತ್ತಾರೆ. ನಮ್ಮ ಮೇಷ್ಟ್ರೂ ನಾಚಿದರು. ಒಂದು ಇಡೀ ದಿನದ ನಡಿಗೆ, ಅದರ ಹಿಂದೆ ಒಂದು ಇಡೀ ಆಯುಷ್ಯದ ಓದು. ಪೇಟೆಯ ಹೋಟೆಲಿನಲ್ಲಿ ಕಾಫಿ ಕೊಡಿಸಿ ಅದನ್ನು ತೀರಿಸಬಾರದು.