ಹಣ್ಣಿನ ನೊಣ ಕಲಿಸಿದ ಬೀಜದ ಪಾಠ

ಬಾಳೆಹಣ್ಣು ಕಳಿತು ಮೆತ್ತಗಾದೊಡನೆ ಅದರ ಸುತ್ತ ಎಳ್ಳುಕಾಳಿನಷ್ಟೇ ಗಾತ್ರದ, ಕೆಂಪು ಕಣ್ಣಿನ ಸಣ್ಣ ನೊಣಗಳು ಮುತ್ತುವುದನ್ನು ಎಲ್ಲರೂ ಕಂಡಿದ್ದೇವೆ. ಮಾವಿನ ಕಾಯನ್ನು ಚುಚ್ಚಿ ಹುಳು ಬೀಳಿಸುವ ನೊಣ ಇದಲ್ಲ. ಇದು ಕೊಳೆತ ಹಣ್ಣಿನ ಹುದುಗನ್ನು ತಿಂದು ಬದುಕುವ ಬೇರೆ ಜಾತಿ. ಡ್ರೊಸೊಫಿಲ ಎಂದು ಇದರ ಶಾಸ್ತ್ರೀಯ ಹೆಸರು. ತಳಿಶಾಸ್ತ್ರದ ಎಷ್ಟೋ ಗುಟ್ಟುಗಳನ್ನು ಬಿಡಿಸಿಕೊಟ್ಟದ್ದು ಈ ನೊಣವೇ.

ವಿಜ್ಞಾನಿಗಳು ಇದನ್ನೇ ಏಕೆ ಆರಿಸಿಕೊಂಡರು? ಹಸುವಿನ ಮೊಮ್ಮಗಳನ್ನು ಕಾಣಲು ಹಲವು ವರ್ಷ ಕಾಯಬೇಕು. ಜೋಳದ ಒಂದು ಪೀಳಿಗೆಗೆ ನಾಲ್ಕು ತಿಂಗಳು ಬೇಕು. ಈ ನೊಣವಾದರೋ 25 ಡಿಗ್ರಿ ಉಷ್ಣತೆಯಲ್ಲಿ ಸುಮಾರು ಹತ್ತೇ ದಿನಕ್ಕೆ ಮೊಟ್ಟೆಯಿಂದ ಪೂರ್ಣ ನೊಣವಾಗುತ್ತದೆ. ಒಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ. ಸಾಕಲು ಒಂದು ಸೀಸೆ, ಸ್ವಲ್ಪ ರವೆ, ಬೆಲ್ಲ ಸಾಕು. ಗುಣಗಳನ್ನು ಹೊತ್ತ ವರ್ಣತಂತುಗಳು ಮನುಷ್ಯನಲ್ಲಿ 23 ಜೊತೆ, ಭತ್ತದಲ್ಲಿ 12 ಜೊತೆ. ಇದರಲ್ಲಿ ನಾಲ್ಕೇ ಜೊತೆ. ಲೆಕ್ಕ ಹಿಡಿಯುವುದು ಸುಲಭ.

1910ರಲ್ಲಿ ಅಮೆರಿಕದ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ ಅವರ ಸೀಸೆಯಲ್ಲಿ ಬಿಳಿ ಕಣ್ಣಿನ ಒಂದು ಗಂಡು ನೊಣ ಕಾಣಿಸಿತು. ಅದನ್ನು ಕೆಂಪು ಕಣ್ಣಿನ ಹೆಣ್ಣಿನೊಡನೆ ಕೂಡಿಸಿದರು. ಹುಟ್ಟಿದ ಮರಿಗಳು ಹೆಚ್ಚುಕಡಮೆ ಎಲ್ಲವೂ ಕೆಂಪು ಕಣ್ಣಿನವು. ಬಿಳಿಯ ಗುಣ ಅಳಿದೇಹೋಯಿತೇ? ಇಲ್ಲ. ಆ ಮರಿಗಳನ್ನೇ ತಮ್ಮತಮ್ಮಲ್ಲಿ ಕೂಡಿಸಿದಾಗ ನಾಲ್ಕು ಸಾವಿರಕ್ಕೂ ಹೆಚ್ಚು ಮೊಮ್ಮಕ್ಕಳಲ್ಲಿ 782ಕ್ಕೆ ಬಿಳಿ ಕಣ್ಣು ಬಂತು; ಅವೆಲ್ಲವೂ ಗಂಡು. ಗುಣವು ವರ್ಣತಂತುವಿನ ಮೇಲೆ ಕುಳಿತು ಸಾಗುತ್ತದೆ, ಅಡಗಬಲ್ಲುದು, ಮತ್ತೆ ಹೊರಬರಬಲ್ಲುದು ಎಂಬುದು ಇದರಿಂದ ತಿಳಿಯಿತು. ಈ ಕೆಲಸಕ್ಕಾಗಿ ಮಾರ್ಗನ್ ಅವರಿಗೆ 1933ರಲ್ಲಿ ನೊಬೆಲ್ ಬಹುಮಾನ ಬಂತು.

ಇದರಿಂದ ರೈತನಿಗೇನು? ಧಾರವಾಡದಲ್ಲಿ ಸಿದ್ಧವಾಗಿ 1972ರಲ್ಲಿ ಹೊರಬಂದ ವರಲಕ್ಷ್ಮಿ ಹತ್ತಿಯನ್ನು ನೆನೆಯಿರಿ. ಅದು ಎರಡು ಬೇರೆ ಜಾತಿಯ ಹತ್ತಿಗಳ ಸಂಕರ. ಇಂಥ ಹೈಬ್ರಿಡ್ ಬೀಜ ಬಿತ್ತಿದ ಹೊಲದಲ್ಲಿ ಗಿಡಗಳೆಲ್ಲ ಒಂದೇ ಸಮ. ಆ ಬೆಳೆಯ ಬೀಜವನ್ನೇ ಉಳಿಸಿ ಮರುವರ್ಷ ಬಿತ್ತಿದರೆ, ಅಡಗಿದ್ದ ಗುಣಗಳು ಬಿಳಿ ಕಣ್ಣಿನಂತೆ ಹೊರಬೀಳುತ್ತವೆ. ಗಿಡಗಳು ಒಂದು ಎತ್ತರ, ಒಂದು ಗಿಡ್ಡ, ಇಳುವರಿಯೂ ಕುಸಿಯುತ್ತದೆ. ಆಗ ಮಣ್ಣನ್ನು, ಗೊಬ್ಬರವನ್ನು ದೂರಿ ಫಲವಿಲ್ಲ.

ಹಾಗಾದರೆ ಇಂಡಾಫ್ ರಾಗಿಯೂ ಭಾರತದ ಮತ್ತು ಆಫ್ರಿಕದ ರಾಗಿಗಳ ಸಂಕರದಿಂದಲೇ ಬಂದದ್ದಲ್ಲವೇ, ಅದರ ಬೀಜ ಹೇಗೆ ಉಳಿಸುತ್ತೇವೆ ಎಂದು ಕೇಳಬಹುದು. ಸಂಕರದ ನಂತರ ಅದನ್ನು ಹಲವು ಪೀಳಿಗೆ ಬೆಳೆಸಿ, ಬೇಡದ ಗಿಡಗಳನ್ನು ತೆಗೆದು, ಗುಣಗಳನ್ನು ನೆಲೆಗೊಳಿಸಿದ್ದಾರೆ. ರಾಗಿ ತನ್ನ ಹೂವಿನ ಪರಾಗದಿಂದಲೇ ಕಾಳು ಕಟ್ಟುವ ಬೆಳೆಯೂ ಹೌದು. ಆದ್ದರಿಂದ ಒಳ್ಳೆಯ ತೆನೆ ಆರಿಸಿ ಬೀಜಕ್ಕಿಡಬಹುದು.

ನಮ್ಮ ಮೈಸೂರು ವಿಶ್ವವಿದ್ಯಾಲಯದಲ್ಲಿಯೂ ಈ ನೊಣಗಳ ತಳಿಗಳನ್ನು ಕಾಪಾಡುವ ಕೇಂದ್ರವಿದೆ. ಮುಂದಿನ ಸಲ ಬೀಜ ಕೊಳ್ಳುವಾಗ, ಇದು ಹೈಬ್ರಿಡ್ಡೋ ನೆಲೆಗೊಂಡ ತಳಿಯೋ ಎಂದು ಚೀಟಿ ನೋಡಿ, ಕೇಳಿ ತಿಳಿಯಿರಿ. ಬೀಜಕ್ಕೆ ಎತ್ತಿಡುವುದೋ ಬೇಡವೋ ಎಂಬುದು ಅದರ ಮೇಲೆ ನಿಂತಿದೆ.