ನಿಮಗಿದು ಗೊತ್ತೇ? ಲಾಕರ್ಬಿ: ತೀರ್ಪು ಬಂತು, ಅನುಮಾನ ಹೋಗಲಿಲ್ಲ

● 1988ರ ಡಿಸೆಂಬರ್ 21ರ ಸಂಜೆ ಲಂಡನ್ನಿನ ಹೀಥ್ರೂದಿಂದ ನ್ಯೂಯಾರ್ಕಿಗೆ ಹೊರಟ ಪ್ಯಾನ್ ಅಮ್ 103 ವಿಮಾನ, ನೆಲಬಿಟ್ಟ 38ನೇ ನಿಮಿಷಕ್ಕೆ 31,000 ಅಡಿ ಎತ್ತರದಲ್ಲಿ ಸಿಡಿದು ಸ್ಕಾಟ್ಲೆಂಡಿನ ಲಾಕರ್ಬಿ ಎಂಬ ಪುಟ್ಟ ಊರಿನ ಮೇಲೆ ಬಿತ್ತು. ವಿಮಾನದಲ್ಲಿದ್ದ 259 ಜನ, ಊರಿನ 11 ಮಂದಿ ಸತ್ತರು. ಬಾಂಬು ಅಡಗಿದ್ದದ್ದು ತೋಷಿಬಾ ರೇಡಿಯೊ ಕ್ಯಾಸೆಟ್ ಪ್ಲೇಯರಿನೊಳಗೆ. ಅದನ್ನು ತುಂಬಿದ್ದು ಕಂದು ಬಣ್ಣದ ಸ್ಯಾಮ್ಸನೈಟ್ ಸೂಟ್‌ಕೇಸಿಗೆ. ಇಲ್ಲಿಯವರೆಗೆ ದೊಡ್ಡ ತಕರಾರಿಲ್ಲ. ಸೂಟ್‌ಕೇಸು ಯಾವ ಊರಲ್ಲಿ ವಿಮಾನ ಹತ್ತಿತು ಎಂಬಲ್ಲಿಂದ ಜಗಳ ಶುರು.

● ಅಧಿಕೃತ ಕಥನ ಹೀಗಿದೆ: ಮಾಲ್ಟಾದಲ್ಲಿ, ಜೊತೆಗೆ ಪ್ರಯಾಣಿಕನೇ ಇಲ್ಲದ ಲಗೇಜಾಗಿ ಹತ್ತಿದ ಸೂಟ್‌ಕೇಸು ಫ್ರಾಂಕ್‌ಫರ್ಟಿನಲ್ಲೊಮ್ಮೆ, ಹೀಥ್ರೂದಲ್ಲೊಮ್ಮೆ ವಿಮಾನ ಬದಲಿಸಿತು. ಆದರೆ ಮಾಲ್ಟಾದಲ್ಲಿ ಅದನ್ನು ಹತ್ತಿಸಿದ್ದು ಹೇಗೆ? ಅದಕ್ಕೆ ವಿವರಣೆ ಸಿಗದಿರುವುದು ಸರ್ಕಾರಿ ವಾದದ ದೊಡ್ಡ ತೊಡಕು ಎಂದು ಬರೆದವರು ಶಿಕ್ಷೆ ಕೊಟ್ಟ ನ್ಯಾಯಾಧೀಶರೇ. ಬರೆದೂ ಶಿಕ್ಷೆ ಕೊಟ್ಟರು.

● ವಿಚಾರಣೆ ನಡೆದದ್ದು ನೆದರ್ಲೆಂಡ್ಸ್‌ನ ಕ್ಯಾಂಪ್ ಝೀಸ್ಟ್ ಎಂಬಲ್ಲಿ, ಸ್ಕಾಟ್ಲೆಂಡಿನ ಕಾನೂನಿನಡಿ, ಜ್ಯೂರಿ ಇಲ್ಲದೆ, ಮೂವರು ನ್ಯಾಯಾಧೀಶರ ಮುಂದೆ. 2001ರ ಜನವರಿ 31ರಂದು ಲಿಬಿಯಾದ ಅಬ್ದೆಲ್‌ಬಾಸೆಟ್ ಅಲ್ ಮೆಗ್ರಾಹಿ ಅಪರಾಧಿ ಎಂದಾಯಿತು. ಜೊತೆ ಆರೋಪಿ ಖುಲಾಸೆಯಾದ. ಇಬ್ಬರೂ ಕೂಡಿ ಮಾಡಿದ್ದು ಎಂಬ ಆರೋಪದಲ್ಲಿ ಒಬ್ಬ ಹೊರಬಿದ್ದ ಮೇಲೆ ಉಳಿದವನ ಮೇಲಿನ ಕತೆ ನಿಲ್ಲುವುದೆಂತು ಎಂಬ ಪ್ರಶ್ನೆ ಅಂದೇ ಎದ್ದಿತ್ತು. ಇಂಥ ನ್ಯಾಯಾಲಯದ ಯೋಜನೆ ಕೊಟ್ಟ ಎಡಿನ್‌ಬರೊದ ಕಾನೂನು ಪ್ರಾಧ್ಯಾಪಕ ರಾಬರ್ಟ್ ಬ್ಲ್ಯಾಕ್ ಅವರೇ ತೀರ್ಪನ್ನು ಒಪ್ಪಲಿಲ್ಲ. ವಿಶ್ವಸಂಸ್ಥೆಯ ವೀಕ್ಷಕ ಹಾನ್ಸ್ ಕೋಕ್ಲರ್ ಕೂಡ ಒಪ್ಪಲಿಲ್ಲ.

● ಇಡೀ ಪ್ರಕರಣ ಒಂದು ಬಟ್ಟೆ ಅಂಗಡಿಯ ಮೇಲೆ ನಿಂತಿದೆ ಎಂದರೆ ನಂಬುತ್ತೀರಾ? ಬಾಂಬಿನ ಸುತ್ತ ಇದ್ದ ಬಟ್ಟೆಗಳ ಜಾಡು ಮಾಲ್ಟಾದ ಸ್ಲಿಯೆಮಾದ ಅಂಗಡಿಯೊಂದಕ್ಕೆ ಮುಟ್ಟಿತು. ಕೊಂಡವನು ಆರಡಿ ಎತ್ತರ, ವಯಸ್ಸು ಸುಮಾರು ಐವತ್ತು ಎಂದು ಅಂಗಡಿಯವ ಮೊದಲು ಹೇಳಿದ್ದ. ಮೆಗ್ರಾಹಿಗೆ ಆಗ 36. ಎತ್ತರ ಐದಡಿ ಎಂಟಿಂಚು. ಗಿರಾಕಿ ಬಂದಾಗ ಹನಿ ಬೀಳುತ್ತಿತ್ತು, ಅದಕ್ಕೇ ಛತ್ರಿಯನ್ನೂ ಕೊಂಡ ಎಂಬುದು ಅಂಗಡಿಯವನ ನೆನಪು. ಕೋರ್ಟು ಗೊತ್ತುಮಾಡಿದ ದಿನ ಡಿಸೆಂಬರ್ 7. ಮೆಗ್ರಾಹಿ ಮಾಲ್ಟಾದಲ್ಲಿದ್ದ ದಿನ ಅದು. ಅಂದು ಅಲ್ಲಿ ಮಳೆ ಬಂದಿರುವ ಸಂಭವ ಕಡಿಮೆ ಎಂದು ಹವಾಮಾನ ತಜ್ಞರು ಸಾಕ್ಷಿ ನುಡಿದಿದ್ದರು. ಇನ್ನು ಗುರುತಿನ ಪರೇಡು ನಡೆದದ್ದು 1999ರಲ್ಲಿ, ಅಂದರೆ ಹತ್ತು ವರ್ಷ ಕಳೆದ ಮೇಲೆ. ಅದಕ್ಕೆ ಕೆಲವೇ ದಿನ ಮೊದಲು ಅಂಗಡಿಯವ ಪತ್ರಿಕೆಯೊಂದರಲ್ಲಿ ಮೆಗ್ರಾಹಿಯ ಫೋಟೊ ನೋಡಿದ್ದ.

● ಅದೇ ಸಾಕ್ಷಿಗೆ ವಿಚಾರಣೆ ಮುಗಿದ ಮೇಲೆ ಅಮೆರಿಕದಿಂದ 20 ಲಕ್ಷ ಡಾಲರ್, ಅವನ ಅಣ್ಣತಮ್ಮನಿಗೆ 10 ಲಕ್ಷ ಡಾಲರ್ ಬಹುಮಾನ ಸಂದಿತು. ಸುಳ್ಳು ಹೇಳಿದ ಎನ್ನಲು ಇದು ಸಾಲದು. ಆದರೆ ದುಡ್ಡಿನ ಮಾತು ನಡೆದದ್ದು ಪ್ರತಿವಾದಿ ವಕೀಲರಿಗೆ ತಿಳಿಯಬೇಕಿತ್ತಲ್ಲವೇ?

● ಹೀಥ್ರೂದಲ್ಲಿ ಸ್ಫೋಟದ ದಿನ ನಸುಕಿಗೆ ಮೊದಲೇ, ಲಗೇಜು ವಿಭಾಗದ ಹಾದಿಯ ಬಾಗಿಲೊಂದರ ಬೀಗ ಕತ್ತರಿಸಿದ್ದು ಕಾವಲುಗಾರನ ಕಣ್ಣಿಗೆ ಬಿದ್ದಿತ್ತು. ಅವನು ವರದಿಯನ್ನೂ ಮಾಡಿದ್ದ. ಝೀಸ್ಟ್ ವಿಚಾರಣೆಯಲ್ಲಿ ಇದರ ಸೊಲ್ಲೇ ಇಲ್ಲ. ಬೆಳಕಿಗೆ ಬಂದದ್ದು ತೀರ್ಪಿನ ನಂತರ. ಫ್ರಾಂಕ್‌ಫರ್ಟಿನ ವಿಮಾನ ಬಂದಿಳಿಯುವ ಮೊದಲೇ ಲಗೇಜು ಕಂಟೇನರಿನಲ್ಲಿ ಕಂದು ಬಣ್ಣದ ಸ್ಯಾಮ್ಸನೈಟ್ ಥರದ ಸೂಟ್‌ಕೇಸು ಕಂಡೆ ಎಂದು ಅಲ್ಲಿನ ಕೆಲಸಗಾರನೊಬ್ಬ ಹೇಳಿದ್ದೂ ಇದೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ತೂಕದ ಅನುಮಾನ ಇದು. 2002ರಲ್ಲಿ ಮೇಲ್ಮನವಿ ಪೀಠ ಬೀಗದ ಸಂಗತಿಯನ್ನು ಕೇಳಿಯೂ ಶಿಕ್ಷೆಯನ್ನು ಎತ್ತಿಹಿಡಿಯಿತು.

● ಸ್ಫೋಟಕ್ಕೆ ಎರಡು ತಿಂಗಳು ಮೊದಲು, ಅಕ್ಟೋಬರ್ 26ರಂದು, ಪಶ್ಚಿಮ ಜರ್ಮನಿಯ ಪೊಲೀಸರು ಪ್ಯಾಲೆಸ್ತೀನಿ ಉಗ್ರರ ಗುಂಪೊಂದನ್ನು ಹಿಡಿದಾಗ ಸಿಕ್ಕಿದ್ದೇನು ಗೊತ್ತೇ? ತೋಷಿಬಾ ರೇಡಿಯೊದೊಳಗಿನ ಬಾಂಬು! ಅದು ಗಾಳಿಯ ಒತ್ತಡ ಇಳಿದಾಗ ಚಾಲೂ ಆಗಿ, ಸುಮಾರು ಅರ್ಧ ಗಂಟೆಯಲ್ಲಿ ಸಿಡಿಯುವ ಜಾತಿ. ಅಂಥದ್ದನ್ನು ಮಾಲ್ಟಾದಲ್ಲಿ ಹತ್ತಿಸಿದ್ದರೆ ಮೊದಲ ವಿಮಾನದಲ್ಲೇ ಸಿಡಿಯಬೇಕಿತ್ತು. ಹೀಥ್ರೂದಲ್ಲಿ ಹತ್ತಿಸಿದರೆ 38 ನಿಮಿಷದ ಲೆಕ್ಕ ಹೊಂದುತ್ತದೆ. ಇರಾನಿನತ್ತ ಬೆರಳು ತೋರಿಸುವವರ ಮುಖ್ಯ ಆಧಾರ ಇದೇ. ಆ ಜುಲೈ 3ರಂದು ಅಮೆರಿಕದ ಯುದ್ಧನೌಕೆ ವಿನ್ಸೆನ್ಸ್ ಇರಾನಿನ ಪ್ರಯಾಣಿಕ ವಿಮಾನ ಹೊಡೆದುರುಳಿಸಿ 290 ಜನ ಸತ್ತಿದ್ದರು. ಅದರ ಸೇಡಿಗೆ ಇರಾನ್ ಈ ಗುಂಪನ್ನು ಬಳಸಿತು ಎಂಬುದು ಅವರ ವಾದ.

● ಇದಕ್ಕೆ ಸರ್ಕಾರಿ ಪಕ್ಷದ ಉತ್ತರ: ಅಂಗಿಯ ಚೂರಿನಲ್ಲಿ ಸಿಕ್ಕ ಉಗುರಿನಷ್ಟು ಸರ್ಕ್ಯೂಟ್ ತುಣುಕು. ಅದು ಸ್ವಿಸ್ ಕಂಪನಿಯೊಂದು ಲಿಬಿಯಾಕ್ಕೆ ಮಾರಿದ ಟೈಮರಿನದು ಎಂಬ ವಾದ. ತುಣುಕಿನ ಲೇಪ ಅಪ್ಪಟ ತವರ, ಲಿಬಿಯಾದ ಟೈಮರುಗಳದ್ದು ತವರ-ಸೀಸದ ಮಿಶ್ರಣ ಎಂದು ಆಮೇಲೆ ಎದುರುವಾದ ಬಂತು. ಸ್ಕಾಟ್ಲೆಂಡಿನ ಕ್ರಿಮಿನಲ್ ಪ್ರಕರಣಗಳ ಪುನರ್‌ಪರಿಶೀಲನಾ ಆಯೋಗ ಅದನ್ನು ಪುರಸ್ಕರಿಸಲಿಲ್ಲ.

● ಭಾರತ ಮೂಲದ ಪ್ರಯಾಣಿಕರೊಬ್ಬರು ಹೀಥ್ರೂದ ಬಾರಿನಲ್ಲಿ ತಡಮಾಡಿ ವಿಮಾನ ತಪ್ಪಿಸಿಕೊಂಡು ಬದುಕಿದರು. ಅವರ ಲಗೇಜು ಮಾತ್ರ ವಿಮಾನದಲ್ಲೇ ಹೋಯಿತು! 1985ರಲ್ಲಿ ಏರ್ ಇಂಡಿಯಾದ ಕನಿಷ್ಕ ವಿಮಾನದ ಸ್ಫೋಟದಲ್ಲಿ 329 ಜನ ಸತ್ತದ್ದೂ ಒಡೆಯನಿಲ್ಲದ ಸೂಟ್‌ಕೇಸಿನಿಂದಲೇ. ಮೂರೇ ವರ್ಷದಲ್ಲಿ ಆ ಪಾಠ ಮರೆತುಹೋಗಿತ್ತು.

● ಮಗಳನ್ನು ಕಳೆದುಕೊಂಡ ಬ್ರಿಟಿಷ್ ವೈದ್ಯ ಜಿಮ್ ಸ್ವೈರ್ 1990ರಲ್ಲಿ ಮಾಡಿದ್ದೇನು? ಸ್ಫೋಟಕದ ಜಾಗದಲ್ಲಿ ಬಾದಾಮಿ ಮಿಠಾಯಿ ಮೆತ್ತಿದ ಕ್ಯಾಸೆಟ್ ಪ್ಲೇಯರ್ ಹಿಡಿದು ಹೀಥ್ರೂದಿಂದಲೇ ನ್ಯೂಯಾರ್ಕಿಗೆ ಹಾರಿದರು. ಯಾರೂ ಹಿಡಿಯಲಿಲ್ಲ. ಮುಂದೆ ಮೆಗ್ರಾಹಿ ನಿರಪರಾಧಿ ಎಂದು ಗಟ್ಟಿಯಾಗಿ ಹೇಳಿದವರಲ್ಲಿ ಅವರೂ ಒಬ್ಬರು. ಅಮೆರಿಕದ ಬಹುತೇಕ ಕುಟುಂಬಗಳ ಅಭಿಪ್ರಾಯ ಇದಕ್ಕೆ ತದ್ವಿರುದ್ಧ.

● ಲಿಬಿಯಾ 2003ರಲ್ಲಿ ಹೊಣೆ ಒಪ್ಪಿ 270 ಕೋಟಿ ಡಾಲರ್ ಪರಿಹಾರಕ್ಕೆ ಸಮ್ಮತಿಸಿತು. ಮರುವರ್ಷವೇ ಅದರ ಪ್ರಧಾನಿ ಶುಕ್ರಿ ಘಾನೆಂ, ನಾವು ಕೊಂಡದ್ದು ಶಾಂತಿಯನ್ನು ಎಂಬರ್ಥದ ಮಾತನ್ನು ಬಿಬಿಸಿಗೆ ಹೇಳಿಬಿಟ್ಟರು. ಸರ್ಕಾರ ಗಡಿಬಿಡಿಯಲ್ಲಿ ಮಾತು ವಾಪಸು ಪಡೆಯಿತು.

● ಅದೇ ಪರಿಶೀಲನಾ ಆಯೋಗ 2007ರಲ್ಲಿ, ಅನ್ಯಾಯ ಆಗಿರಬಹುದು ಎಂದು ಆರು ಕಾರಣ ಪಟ್ಟಿಮಾಡಿ ಪ್ರಕರಣವನ್ನು ಮೇಲ್ಮನವಿಗೆ ಕಳಿಸಿತ್ತು. ಕ್ಯಾನ್ಸರಿನಿಂದ ನರಳುತ್ತಿದ್ದ ಮೆಗ್ರಾಹಿ 2009ರಲ್ಲಿ ಮೇಲ್ಮನವಿ ಕೈಬಿಟ್ಟ. ಕರುಣೆಯ ಆಧಾರದ ಮೇಲೆ ಬಿಡುಗಡೆಯಾಯಿತು. ಮೂರು ತಿಂಗಳು ಬದುಕಿಯಾನು ಎಂದಿದ್ದರು, ಬದುಕಿದ್ದು 2012ರ ಮೇ ತನಕ. ಸತ್ತ ಮೇಲೆ ಮನೆಯವರು ಹೂಡಿದ ಮೇಲ್ಮನವಿ 2021ರ ಜನವರಿಯಲ್ಲಿ ಬಿದ್ದುಹೋಯಿತು. ಕಾನೂನಿನ ಲೆಕ್ಕದಲ್ಲಿ ಆತ ಇಂದಿಗೂ ಅಪರಾಧಿ.

● ಬಾಂಬು ತಯಾರಿಸಿದವನು ಎಂದು ಅಮೆರಿಕ ಹೇಳುವ ಇನ್ನೊಬ್ಬ ಲಿಬಿಯನ್, ಅಬು ಅಗಿಲಾ ಮಸೂದ್, 2022ರ ಡಿಸೆಂಬರಿನಲ್ಲಿ ಅವರ ವಶಕ್ಕೆ ಬಂದ. 2012ರಲ್ಲಿ ಲಿಬಿಯಾದ ಸೆರೆಯಲ್ಲಿ ಕೊಟ್ಟ ತಪ್ಪೊಪ್ಪಿಗೆ ಅವನ ವಿರುದ್ಧದ ಪ್ರಮುಖ ಅಸ್ತ್ರ. ಅದು ಬಲವಂತದಿಂದ ಪಡೆದದ್ದು ಎನ್ನುತ್ತಾರೆ ಅವನ ವಕೀಲರು.